ಪಶೇಕೊ ಮನೆಯವರು ಹಂಚಿದ್ದು

ಈಸ್ಟರ್ ಕಳೆದು ಒಂದು ವಾರವಾಗಿತ್ತು. ಫಾಲ್ ರಿವರ್‌ನ ಗುಡ್ಡದ ಬೀದಿಯ ಪಶೇಕೊ ಕಸೂತಿ ಅಂಗಡಿಗೆ ಜಸೀಂತಾ ಮಗು ಎತ್ತಿಕೊಂಡು ಬಂದಾಗ ನತೇರ್ಸಿಯಾ ಕೌಂಟರಿನ ಹಿಂದೆ ನಿಂತುಕೊಂಡೇ ಕೇಲ್ ಸೊಪ್ಪಿನ ಸೂಪು ಕುಡಿಯುತ್ತಿದ್ದಳು. ಕೂತು ಉಣ್ಣುವುದೇನಿದ್ದರೂ ಭಾನುವಾರ. ಉಳಿದ ದಿನ ಒಂದು ಕೈಯಲ್ಲಿ ಚಮಚ, ಇನ್ನೊಂದರಲ್ಲಿ ಫೋನು. ಹಿಂದಿನ ಕೋಣೆಯಲ್ಲಿ ಗಂಡ ಎರ್ಮಾನೊನ ಮೆಷಿನ್ನುಗಳು ಒಂದೇ ಸಮ ತಟತಟ ಅನ್ನುತ್ತಿದ್ದವು.

"ಅಯ್ಯೋ, ಯಾರಪ್ಪ ಇದು, ನಮ್ಮ ರಾಜಕುಮಾರ! ಎಷ್ಟು ದಪ್ಪ ಆಗಿದ್ದಾನೆ ನೋಡು!" ಅಂತ ಕೈ ಚಾಚಿದಳು.

ಜಸೀಂತಾ ಮಗು ಕೊಡಲಿಲ್ಲ. ಹೆಗಲ ಮೇಲಿದ್ದ ಹೊದಿಕೆಯನ್ನು ತೆಗೆದು ಕೌಂಟರಿನ ಮೇಲೆ ಹರಡಿದಳು.

"ದೋನಾ ನತೇರ್ಸಿಯಾ, ಇದನ್ನ ಓದಿ."

"ಯಾಕೆ, ಬಣ್ಣ ಬಿಡ್ತಾ?"

"ಓದಿ ಅಂದೆ. ಜೋರಾಗಿ."

ಆ ಹೊದಿಕೆಯನ್ನು ಓದುವುದಕ್ಕೆ ನತೇರ್ಸಿಯಾಗೆ ಕನ್ನಡಕ ಬೇಕಿರಲಿಲ್ಲ. ಇಪ್ಪತ್ತು ವರ್ಷದಿಂದ ಅಂಗಡಿಯ ಹೆಸರು ನಿಂತಿರುವುದೇ ಅದರ ಮೇಲೆ. ನಡುವೆ ಮಗುವಿನ ಪೂರ್ತಿ ಹೆಸರು, ಹುಟ್ಟಿದ ದಿನ, ಗಳಿಗೆ, ತೂಕ. ಮೇಲಿನ ಎರಡು ಮೂಲೆಗೆ ಅಪ್ಪ, ಅಮ್ಮ. ಕೆಳಗಿನ ಎರಡು ಮೂಲೆಗೆ ಒಂದೊಂದು ನೀಲಿ ಹೂವು, ಹೂವಿನ ಕೆಳಗೆ ಇಬ್ಬರು ಅಜ್ಜಿಯರ ತವರುಮನೆ ಹೆಸರು. ಈ ಅಜ್ಜಿಯರ ಮೂಲೆ ಅತ್ತೆ ದೆಯೊಲಿಂದಾಳ ಯೋಚನೆ. ಪೋರ್ಚುಗೀಸ್ ದ್ವೀಪ ಬಿಟ್ಟು ಬಂದವರಿಗೆ ಇಲ್ಲಿ ಗಂಡನ ಹೆಸರು ಅಂಟಿಕೊಂಡು ಹುಟ್ಟಿದ ಮನೆಯ ಹೆಸರೇ ಮರೆತುಹೋಗುತ್ತದೆ, ಮೊಮ್ಮಗುವಿನ ಮೈಮೇಲಾದರೂ ಅದು ಬೆಚ್ಚಗಿರಲಿ ಅಂತ. ಊರಿನ ಪೋರ್ಚುಗೀಸ್ ಮನೆಗಳಲ್ಲಿ ಪಶೇಕೊ ಹೊದಿಕೆ ಇಲ್ಲದೆ ಮಗು ಚರ್ಚಿಗೆ ಹೋಗುತ್ತಿರಲಿಲ್ಲ.

ನತೇರ್ಸಿಯಾ ಓದಿ ಮುಗಿಸಿದಳು.

"ಬ್ಯಾಂಕಿಗೆ ಫೋನ್ ಮಾಡಿದ್ರೆ ಏನು ಕೇಳ್ತಾರೆ ಹೇಳಿ? ನಿಮ್ಮ ತಾಯಿಯ ತವರುಮನೆ ಹೆಸರೇನು ಅಂತ. ಯಾವಳೋ ನನ್ನ ಹೆಸರಲ್ಲಿ ಫೋನ್ ಮಾಡಿ ಹೇಳಿದಾಳೆ. ಗುಪ್ತ ಸಂಖ್ಯೆ ಕೇಳಿದ್ದಾರೆ, ಮಗು ಹುಟ್ಟಿದ ದಿನ ಹೇಳಿದಾಳೆ. ಎಲ್ಲ ತಾಯಂದಿರ ಹಾಗೆ ನಾನೂ ಅದನ್ನೇ ಇಟ್ಟಿದ್ದೆ. ಖಾತೆ ಖಾಲಿ. ಮಾರನೇ ದಿನ ನನ್ನ ಗಂಡಂದೂ ಖಾಲಿ."

"ಅಯ್ಯೋ ದೇವರೇ. ಪೊಲೀಸಿಗೆ..."

"ಕೊಟ್ಟಿದೀನಿ. ಅವರು ಕೇಳಿದ ಮೊದಲನೇ ಪ್ರಶ್ನೆ, ಇದೆಲ್ಲ ಯಾರಿಗೆ ಹೇಳಿದ್ದೆ ಅಂತ. ನಮ್ಮ ಅತ್ತೆ ತವರುಮನೆ ಹೆಸರು ನನಗೇ ಗೊತ್ತಿರಲಿಲ್ಲ ಕಣ್ರೀ! ನಿಮಗೆ ಬರೆದುಕೊಡೋಕೆ ಅಂತ ಕೇಳಿ ತಿಳ್ಕೊಂಡೆ. ಇಷ್ಟನ್ನೂ ಒಟ್ಟಿಗೆ ನಾನು ಹುಟ್ಟಿದಾಗಿಂದ ಕೊಟ್ಟಿದ್ದು ಒಂದೇ ಕಡೆ."

ನತೇರ್ಸಿಯಾ ಸೂಪಿನ ಬಟ್ಟಲನ್ನು ಪಕ್ಕಕ್ಕೆ ಸರಿಸಿದಳು. "ನಮ್ಮಲ್ಲಿ ಯಾರು ಕದೀತಾರೆ ಮಗಳೇ? ನಾನು, ಇವರು, ವಾರದ ಕೊನೆಗೆ ನಮ್ಮ ಹುಡುಗಿ ಸೆಲೀನಾ..." ಅಂದಳು.

"ಅದು ನಂಗೊತ್ತಿಲ್ಲ. ಹೊದಿಕೆ ಇಲ್ಲೇ ಇರಲಿ. ಇದನ್ನ ಹೊದಿಸೋಕೆ ನನಗೆ ಕೈ ಬರ್ತಿಲ್ಲ."

ಜಸೀಂತಾ ಹೋದಳು. ಹಿಂದಿನ ಕೋಣೆಯಲ್ಲಿ ಮೆಷಿನ್ನು ಇನ್ನೊಂದು ಮಗುವಿನ ಹೆಸರು ಹೊಲಿಯುತ್ತಲೇ ಇತ್ತು.

ಆ ಸಂಜೆ ಅಂಗಡಿಯ ಮೇಲಿನ ಮನೆಯಲ್ಲಿ ಉಪ್ಪುಮೀನು, ಬೇಯಿಸಿದ ಆಲೂಗಡ್ಡೆ. ಯಾರ ತಟ್ಟೆಯೂ ಅಲ್ಲಾಡುತ್ತಿರಲಿಲ್ಲ, ಅತ್ತೆ ದೆಯೊಲಿಂದಾಳದೊಂದು ಬಿಟ್ಟು. ಎಂಬತ್ತರ ಹತ್ತಿರದ ಮುದುಕಿ, ಮನೆಗೆ ಬೆಂಕಿ ಬಿದ್ದರೂ ಮುಳ್ಳು ತೆಗೆದೇ ಮೀನು ತಿನ್ನುವ ಪೈಕಿ.

ಎರ್ಮಾನೊ ಮಗಳ ಕಡೆ ತಿರುಗಿದ. "ಎಲ್ಲಾ ನಿನ್ನ ಆ ಇಂಟರ್ನೆಟ್ ಪುಟದಿಂದ. ಕಾಗದದಲ್ಲಿ ಆರ್ಡರ್ ಬರೀತಿದ್ದಾಗ ಯಾವ ಕಳ್ಳ ಬಂದಿದ್ದ?"

ಸೆಲೀನಾ ಹಲ್ಲಿನ ಡಾಕ್ಟರ ಕ್ಲಿನಿಕ್ಕಿನ ಮುಂದಿನ ಮೇಜಿನಲ್ಲಿ ಕೂರುವವಳು. ದಿನವಿಡೀ ಬೇರೆಯವರ ಕೂಗಾಟ ಕೇಳಿ ಬಂದವಳಿಗೆ ಮನೆಯದೂ ಬೇಕಿರಲಿಲ್ಲ.

"ಬಾಸ್ಟನ್‌ನಿಂದ, ಟೊರಾಂಟೊದಿಂದ ಆರ್ಡರ್ ಬಂದಾಗ ಆ ಪುಟ ನಿನ್ನದಾಗಿತ್ತು. ನಮ್ಮವರ ಕ್ಲಬ್ಬಿನಲ್ಲಿ ಎಲ್ಲರಿಗೂ ಫೋನ್ ತೋರಿಸ್ಕೊಂಡು ಓಡಾಡಿದೆ. ಈಗ ನನ್ನದಾಯ್ತಾ?"

"ಕಳ್ಳ ಒಳಗೆ ಬಂದಿದ್ದು ಅಲ್ಲಿಂದ ತಾನೇ?"

"ನೋಡದೆ ಹೇಗೆ ಹೇಳ್ತೀಯ ಅಪ್ಪಾ?"

"ಇಬ್ಬರೂ ಬಾಯಿ ಮುಚ್ಚಿ," ಅಂದಳು ಮುದುಕಿ. "ಇನ್ನು ನಾಲ್ಕು ವಾರಕ್ಕೆ ಪವಿತ್ರಾತ್ಮನ ಕಿರೀಟ ಈ ಮನೆಗೆ ಬರುತ್ತೆ. ಕಿರೀಟ ಬರೋ ಮನೇಲಿ ಹೀಗಾ ಕಚ್ಚಾಡೋದು?"

ಈಸ್ಟರ್‌ನಿಂದ ಏಳು ವಾರ, ವಾರಕ್ಕೊಂದು ಮನೆಯಂತೆ ಬೆಳ್ಳಿಯ ಕಿರೀಟ ತಿರುಗುತ್ತದೆ. ಬಂದ ಮನೆಯಲ್ಲಿ ದಿನಾ ಸಂಜೆ ಜಪಮಾಲೆ, ಬಂದವರಿಗೆಲ್ಲ ಊಟ. ಏಳನೇ ವಾರದ ಕೊನೆಗೆ ಹಬ್ಬ, ಮೆರವಣಿಗೆ. ಈ ವರ್ಷ ಚೀಟಿಯಲ್ಲಿ ಐದನೇ ವಾರ ಪಶೇಕೊ ಮನೆಗೆ ಬಿದ್ದಿತ್ತು. ದೆಯೊಲಿಂದಾ ಆಗಲೇ ಪರದೆ ಒಗೆಸಿದ್ದಳು.

ಶನಿವಾರ ಸೆಲೀನಾ ಹಿಂದಿನ ಕೋಣೆಯ ಕಂಪ್ಯೂಟರ್ ಮುಂದೆ ಕೂತಳು. ಕಸೂತಿಯ ಚಿತ್ರ ಬಿಡಿಸುವುದೂ ಅದರಲ್ಲೇ, ಗಿರಾಕಿಗಳ ಹೆಸರು, ವಿಳಾಸ, ಕಾರ್ಡಿನ ವಿವರ ಇರುವುದೂ ಅದರಲ್ಲೇ. ನತೇರ್ಸಿಯಾ ಪಕ್ಕದಲ್ಲಿ ಕೂತು ದಾರದ ರೀಲುಗಳನ್ನು ಬಣ್ಣದ ಪ್ರಕಾರ ಜೋಡಿಸುತ್ತಿದ್ದಳು. ಮಗಳು ಒಮ್ಮೆಲೇ ಸುಮ್ಮನಾದದ್ದು ಅವಳಿಗೆ ಗೊತ್ತಾಯಿತು.

"ಅಪ್ಪಾ, ಬಾ ಇಲ್ಲಿ. ಇದರ ಆಂಟಿವೈರಸ್ ಯಾರು ಆಫ್ ಮಾಡಿದ್ದು?"

"ನಾನೇ. ಯಾವಾಗ ನೋಡಿದ್ರೂ ಬೊಗಳ್ತಿತ್ತು. ಕೆಂಪು ಅಕ್ಷರ, ಅಪಾಯ, ಅಪಾಯ ಅಂತ. ಕೆಲಸ ಮಾಡೋಕೆ ಬಿಡ್ತಿರಲಿಲ್ಲ."

"ಯಾವಾಗ?"

"ಡಿಸೈನ್ ಸಾಫ್ಟ್‌ವೇರ್ ಹಾಕ್ಕೊಂಡಾಗ, ಮೂರು ವರ್ಷ ಆಯ್ತು. ಹಾಕೋ ಮುಂಚೆ ಅದನ್ನ ಆಫ್ ಮಾಡಿ ಅಂತ ಅದರಲ್ಲೇ ಬರೆದಿತ್ತು."

ಸೆಲೀನಾ ಕುರ್ಚಿ ತಿರುಗಿಸಿದಳು. "ಆ ಸಾಫ್ಟ್‌ವೇರ್ ಎಲ್ಲಿಂದ ತಂದೆ?"

ಎರ್ಮಾನೊ ಕತ್ತರಿ ಹುಡುಕುವವನ ಹಾಗೆ ಮೇಜಿನ ಮೇಲೆ ಕೈಯಾಡಿಸಿದ. "ನ್ಯೂ ಬೆಡ್‌ಫರ್ಡ್‌ನವನು ಅಂಗಡಿ ಮುಚ್ಚಿ ಹಳೇ ಮೆಷಿನ್ ಮಾರಿದ್ನಲ್ಲ, ಅವನು ಜೊತೆಗೆ ಕೊಟ್ಟ. ಪೆನ್ ಡ್ರೈವಲ್ಲಿ."

"ನಕಲಿ."

"ಕೆಲಸ ಅಸಲೀನೇ ಮಾಡುತ್ತೆ! ಕಂಪನಿಯವರು ಕೇಳೋ ದುಡ್ಡಿಗೆ ಇನ್ನೊಂದು ಮೆಷಿನ್ನೇ ಬರುತ್ತೆ."

"ನಾಯಿ ಬೊಗಳ್ತಾ ಇದ್ದಿದ್ದು ಕಳ್ಳನ್ನ ನೋಡಿ ಅಪ್ಪಾ. ನೀನು ನಾಯಿ ಬಾಯಿ ಕಟ್ಟಿ ಕಳ್ಳನ್ನ ಒಳಗೆ ಕೂರಿಸಿದೀಯ. ಮೂರು ವರ್ಷದಿಂದ ಈ ಕಂಪ್ಯೂಟರಲ್ಲಿರೋದನ್ನೆಲ್ಲ ಅದು ಹೊರಗೆ ಕಳಿಸ್ತಿದೆ. ನಾನು ಮಾಡಿದ ಪುಟದಿಂದ ಅಲ್ಲ. ಇದರಿಂದ."

ನತೇರ್ಸಿಯಾಳ ಮಡಿಲಿನಿಂದ ರೀಲುಗಳು ಉರುಳಿ ಮೆಷಿನ್ನಿನ ಕೆಳಗೆ ಹೋದವು. ಯಾರೂ ಬಗ್ಗಲಿಲ್ಲ. ಮೂರು ವರ್ಷ ಅಂದರೆ ಎಷ್ಟು ಮಕ್ಕಳು? ಅವಳ ಅಣ್ಣನ ಮೊಮ್ಮಗಳು, ಮೂಲೆ ಬೇಕರಿಯವರ ಅವಳಿಗಳು, ಪಾದ್ರಿಯ ತಂಗಿಯ ಮಗು. ಒಬ್ಬೊಬ್ಬರ ಹೊದಿಕೆಯೂ ಅವಳ ಕಣ್ಣ ಮುಂದೆ ಬಂತು, ಯಾರೋ ಗೊತ್ತಿಲ್ಲದವನು ಬೆರಳಿಟ್ಟು ಓದುತ್ತಿರುವ ಹಾಗೆ.

ಎರ್ಮಾನೊ ಕೂತುಬಿಟ್ಟ. "ನಾನು ಹೂವಿನ ಚಿತ್ರ ಬಿಡಿಸೋಕೆ ಹಾಕ್ಕೊಂಡಿದ್ದು. ಹೂವಿನ ಚಿತ್ರ!" ಅಂತ ಇಷ್ಟನ್ನೇ ಎರಡು ಮೂರು ಸಲ ಹೇಳಿದ.

ಮುಂದಿನ ವಾರದಿಂದ ಫೋನುಗಳು ಶುರುವಾದವು. ಒಬ್ಬಳ ಕಾರ್ಡಿನಲ್ಲಿ ಯಾರೋ ವಿಮಾನದ ಟಿಕೆಟ್ ಕೊಂಡಿದ್ದರು. ಇನ್ನೊಬ್ಬರ ಎಂಟು ತಿಂಗಳ ಕೂಸಿನ ಹೆಸರಿನಲ್ಲಿ ಫ್ಲೋರಿಡಾದಲ್ಲಿ ಮೊಬೈಲ್ ಸಂಪರ್ಕವೇ ಇತ್ತು. "ನಮ್ಮ ಪಾಪು ಇನ್ನೂ ಅಮ್ಮ ಅಂದಿಲ್ಲ, ಆಗಲೇ ಫೋನಿಟ್ಟಿದ್ದಾನೆ," ಅಂತ ಆ ಅಜ್ಜ ನಕ್ಕು, ನಗುತ್ತಲೇ ಬಯ್ದ. ನತೇರ್ಸಿಯಾ ಎಲ್ಲರಿಗೂ ಹೌದು ಅಂದಳು, ಕ್ಷಮಿಸಿ ಅಂದಳು, ಫೋನಿಟ್ಟು ಸೊಪ್ಪು ಹೆಚ್ಚಿದಳು, ಮತ್ತೆ ಎತ್ತಿಕೊಂಡಳು.

ಬುಧವಾರ ಬಂದ ಫೋನಿನಲ್ಲಿ ಮೆಲುದನಿಯ ಹೆಂಗಸು. ಯಾವುದೋ ವಕೀಲರ ಕಚೇರಿಯಿಂದ, ಕಸೂತಿ ಸಾಫ್ಟ್‌ವೇರ್ ಕಂಪನಿಯ ಪರವಾಗಿ.

"ಅಮ್ಮಾ, ನಿಮ್ಮ ಅಂಗಡಿಯಲ್ಲಿ ನಮ್ಮ ಸಾಫ್ಟ್‌ವೇರಿನ ಪರವಾನಗಿ ಇಲ್ಲದ ಪ್ರತಿ ನಡೀತಾ ಇದೆ. ಇಂಟರ್ನೆಟ್ ಸಿಕ್ಕಿದಾಗೆಲ್ಲ ಅದು ನಮಗೆ ಸುದ್ದಿ ಕಳಿಸುತ್ತೆ. ನೀವು ಅದನ್ನು ಬೇರೆಯವರಿಗೆ ಹಂಚಿದ್ದೀರಿ ಅನ್ನೋದೂ ನಮಗೆ ಗೊತ್ತು."

"ಹಂಚಿಲ್ಲ! ನಾವು ಯಾರಿಗೂ ಕೊಟ್ಟಿಲ್ಲ."

"ಮನೆಯಲ್ಲಿ ಒಂದು ಸಲ ಕೇಳಿ ನೋಡಿ ಅಮ್ಮಾ," ಅಂದಳು ಆಕೆ, ತುಂಬ ಮರ್ಯಾದೆಯಿಂದ.

ನತೇರ್ಸಿಯಾ ಹಿಂದಿನ ಕೋಣೆಗೆ ಹೋದಳು. ಮೆಷಿನ್ನುಗಳು ನಿಂತಿದ್ದವು, ಎರ್ಮಾನೊ ಕೈಯಲ್ಲೇ ಒಂದು ಹೊದಿಕೆಯ ಅಂಚು ಹೊಲಿಯುತ್ತ ಕೂತಿದ್ದ.

"ಯಾರಿಗಾದ್ರೂ ಕೊಟ್ಟಿದೀಯಾ ಅದನ್ನ?"

ಅವನು ಸೂಜಿ ನಿಲ್ಲಿಸಿದ.

"ಎರ್ಮಾನೊ, ನನ್ನ ಮುಖ ನೋಡು."

"ನಾನು ಹಬ್ಬದ ಯಜಮಾನ ಆಗಿದ್ದ ವರ್ಷ," ಅಂದ. "ಮೆರವಣಿಗೆ ಹುಡುಗೀರ ಮೇಲಂಗಿ ನಾಲ್ಕು ಅಂಗಡಿಗೆ ಹಂಚಿ ಹೊಲಿಸಿದ್ನಲ್ಲ. ಎಲ್ಲದರ ಮೇಲೂ ಒಂದೇ ಥರ ಕಿರೀಟ ಬರಬೇಕಿತ್ತು. ಅದಕ್ಕೆ ನಾಲ್ಕೂ ಜನಕ್ಕೆ ಒಂದೊಂದು ಪ್ರತಿ ಮಾಡಿ ಕೊಟ್ಟೆ. ಸಿಹಿ ಬ್ರೆಡ್ಡಿನ ಜೊತೆ. ಅಮ್ಮನೇ ಕಟ್ಟಿಕೊಟ್ಟಿದ್ದು."

ಮೇಲೆ ಅಡುಗೆಮನೆಯಲ್ಲಿ ರಾತ್ರಿ ಊಟಕ್ಕೆ ಕೂತ ಮುದುಕಿಯನ್ನು ಕೇಳಿದರೆ ಅವಳಿಗೆ ಅದರಲ್ಲಿ ಮುಚ್ಚಿಡುವಂಥದ್ದು ಏನೂ ಕಾಣಲಿಲ್ಲ. "ಹೌದು, ನಾನೇ ಅಂದೆ, ನಿನ್ನ ಹತ್ರ ಇದ್ದಿದ್ದು ನಾಲ್ಕು ಜನಕ್ಕೆ ಕೊಡು ಅಂತ. ಪವಿತ್ರಾತ್ಮನ ವರ್ಷ ಕೈ ಬಿಗಿ ಹಿಡಿಯೋದಾ? ಸೂಪು ಹಂಚ್ತೀವಿ, ಮಾಂಸ ಹಂಚ್ತೀವಿ, ಯಾವ ವಕೀಲನೂ ಫೋನ್ ಮಾಡಿಲ್ಲ!"

"ವಾವೊ," ಅಂದಳು ಸೆಲೀನಾ. ಅಜ್ಜಿಯನ್ನು ಅವಳು ಕರೆಯುವುದೇ ಹಾಗೆ. "ಸೂಪು ನಮ್ಮ ಹಸುವಿಂದು, ನಮ್ಮ ದುಡ್ಡಿಂದು. ಇದು ನಮ್ಮದಲ್ಲ. ಇನ್ನೊಬ್ಬರ ಹಸು ಹೊಡ್ಕೊಂಡು ಬಂದು ಊರಿಗೆಲ್ಲ ಊಟ ಹಾಕಿದೀವಿ. ಆ ಮಾಂಸವೂ ಕೆಟ್ಟಿತ್ತು."

ದೆಯೊಲಿಂದಾ ಮೊಮ್ಮಗಳನ್ನು ದಿಟ್ಟಿಸಿದಳು. ಜೀವಮಾನದಲ್ಲಿ ಮೊದಲ ಸಲ ತಟ್ಟೆಯಲ್ಲಿ ಅರ್ಧ ಬಿಟ್ಟು ಎದ್ದು ಹೋದಳು.

ಅವರ ಕಡೆಯ ವಕೀಲ ಬ್ರಾಗಾ, ಅದೇ ಚರ್ಚಿನವನು. ಅವನ ಜ್ಞಾನಸ್ನಾನದ ಕುಲಾವಿ ದೆಯೊಲಿಂದಾಳ ಕೈಯದು. ಆದರೂ ಮೇಜಿನ ಆಚೆ ಕೂತು ಮಾತಾಡುವಾಗ ಕುಲಾವಿಯ ನೆನಪು ಅವನಿಗಿದ್ದಂತೆ ಕಾಣಲಿಲ್ಲ.

"ಎರಡು ವಿಷಯ ಇದೆ, ಬೆರೆಸಿಕೋಬೇಡಿ. ಗಿರಾಕಿಗಳ ವಿವರ ಸೋರಿಹೋಗಿದೆ. ಪ್ರತಿಯೊಬ್ಬರಿಗೂ ಬರೆದು ತಿಳಿಸಬೇಕು, ರಾಜ್ಯದ ಕಚೇರಿಗೂ ತಿಳಿಸಬೇಕು. ಕಾನೂನು. ಮುಚ್ಚಿಟ್ಟರೆ ಇನ್ನೊಂದು ಕೇಸು. ಎರಡನೇದು ನಕಲಿ ಸಾಫ್ಟ್‌ವೇರಿಂದು. ಗೊತ್ತಿದ್ದೂ ಮಾಡಿದ್ದು ಅಂತ ಕೋರ್ಟಿಗನಿಸಿದರೆ ಒಂದೂವರೆ ಲಕ್ಷ ಡಾಲರ್‌ವರೆಗೂ ಹಾಕಬಹುದು."

"ನಾನು ಒಂದು ಕಾಸು ತಗೊಂಡಿಲ್ಲ! ಪುಕ್ಕಟೆ ಕೊಟ್ಟಿದ್ದು," ಅಂದ ಎರ್ಮಾನೊ.

"ಕೋರ್ಟಿನಲ್ಲಿ ಅದು ನಿಮ್ಮನ್ನ ಉಳಿಸಲ್ಲ. ಆದರೆ ಅವರು ರಾಜಿಗೆ ಒಪ್ತಾರೆ. ಮೂವತ್ತೆಂಟು ಸಾವಿರ. ಪ್ರತಿಗಳು ಯಾರ್ಯಾರಿಗೆ ಹೋದವು ಅಂತ ಹೆಸರು ಹೇಳಿದರೆ ಅದರ ಅರ್ಧ, ಕಂತಿನಲ್ಲಿ."

"ಹೇಳಲ್ಲ."

"ಯೋಚನೆ ಮಾಡಿ."

"ಮಾಡಿದೆ. ಹೇಳಲ್ಲ."

ಹೊರಗೆ ಬಂದು ಕಾರಿನ ಬಾಗಿಲು ಹಾಕಿಕೊಂಡ ಮೇಲೆ ನತೇರ್ಸಿಯಾ ಶುರುಮಾಡಿದಳು.

"ನಿನ್ನದು ಒಳ್ಳೇ ದೊಡ್ಡಸ್ತಿಕೆ. ಮೆಷಿನ್ ಮಾರಬೇಕಾಗುತ್ತೆ ಗೊತ್ತಾ? ಎರಡು ಮೆಷಿನ್ ಹೋದ್ರೆ ಅಂಗಡಿ ಇಲ್ಲ. ಅಂಗಡಿ ಇಲ್ಲ ಅಂದ್ರೆ ಮೇಲಿನ ಮನೆ ಸಾಲ ಯಾರು ಕಟ್ತಾರೆ, ನಿನ್ನ ಆ ನಾಲ್ಕು ಜನ ಬಂದು ಕಟ್ತಾರಾ?"

"ಅವರು ಕೇಳಿರಲಿಲ್ಲ. ನಾನೇ ಕೊಟ್ಟಿದ್ದು."

"ಬೇಡ ಅಂದ್ರಾ?"

"ಚರ್ಚಿನಲ್ಲಿ ಅವರ ಪಕ್ಕ ಹೇಗೆ ಕೂತ್ಕೊಳ್ಳಲಿ ನತೇರ್ಸಿಯಾ? ಅವರಲ್ಲೇ ಒಬ್ಬಳು ದೆಲ್ಫೀನಾ, ಅವಳ ಮಗನ ಜ್ಞಾನಸ್ನಾನಕ್ಕೆ ನಾನೇ ಜ್ಞಾನ ತಂದೆ. ಆ ಹುಡುಗನ ತಾಯಿ ಹೆಸರು ಹೇಳಲಾ ವಕೀಲರಿಗೆ?"

"ನಾಲ್ಕು ಹೆಸರು! ನಾಲ್ಕೇ ಹೆಸರು ಹೇಳಿದ್ರೆ ಮನೆ ಉಳಿಯುತ್ತೆ. ನಾನಾಗಿದ್ರೆ ಈ ಕ್ಷಣಾನೇ ಹೇಳ್ತಿದ್ದೆ."

ಎರ್ಮಾನೊ ಕಾರು ಹೊರಡಿಸಿದ. ಮನೆ ಮುಟ್ಟುವವರೆಗೂ ಇಬ್ಬರೂ ರೇಡಿಯೋದಲ್ಲಿ ಹವಾಮಾನ ಕೇಳಿದರು.

ಗಿರಾಕಿಗಳಿಗೆ ಬರೆಯುವ ಕೆಲಸ ಊಟದ ಮೇಜಿನ ಮೇಲೆ ನಡೆಯಿತು. ಸೆಲೀನಾ ಅಚ್ಚು ಹಾಕಿದಳು, ನತೇರ್ಸಿಯಾ ಮಡಿಚಿದಳು, ಮುದುಕಿ ಯಾರೂ ಹೇಳದೆ ಬಂದು ಕೂತು ಲಕೋಟೆಗೆ ಅಂಟು ಹಚ್ಚಿದಳು. ಕಾಗದ ಬಂದರೆ ಅರ್ಧ ಜನ ಜಾಹೀರಾತು ಅಂತ ಕಸಕ್ಕೆ ಹಾಕುತ್ತಾರೆ ಅಂತ ನತೇರ್ಸಿಯಾಗೆ ಗೊತ್ತು, ಅದಕ್ಕೆ ಒಬ್ಬೊಬ್ಬರಿಗೂ ಫೋನು ಬೇರೆ. "ಬ್ಯಾಂಕಿನ ಪ್ರಶ್ನೆಗೆ ಬೇರೆ ಉತ್ತರ ಇಡಿ. ಅಜ್ಜಿ ತವರುಮನೆ ಹೆಸರು ಬೇಡ. ಮಗು ಹುಟ್ಟಿದ ದಿನ ಬೇಡ." ಇಷ್ಟನ್ನು ಹೇಳಿ ಹೇಳಿ ಅವಳ ಗಂಟಲು ಕಟ್ಟಿತು.

ಐದನೇ ವಾರ ಕಿರೀಟ ಬಂತು. ಮುಂದಿನ ಕೋಣೆಯಲ್ಲಿ ಬಿಳಿ ಬಟ್ಟೆ, ಮೇಣದಬತ್ತಿ, ಹೂವು. ಕ್ಲಬ್ಬಿನಿಂದ ತಂದ ಮಡಚುವ ಕುರ್ಚಿಗಳನ್ನು ಎರ್ಮಾನೊ ಸಾಲಾಗಿ ಇಟ್ಟ. ನತೇರ್ಸಿಯಾ ಎರಡು ದೊಡ್ಡ ಪಾತ್ರೆ ತುಂಬ ಮಾಂಸದ ಸೂಪು ಬೇಯಿಸಿದಳು, ಪುದೀನ ಹಾಕಿ, ಬ್ರೆಡ್ ನೆನೆಸಿ. ಮೊದಲ ಸಂಜೆ ಬಂದವರು ಪಾದ್ರಿ, ಕೆಳಗಿನ ಬೀದಿಯ ಇಬ್ಬರು ವಿಧವೆಯರು, ಮತ್ತೆ ನತೇರ್ಸಿಯಾಳ ಅಣ್ಣ. ಅಣ್ಣನೂ ಹೆಂಡತಿಯನ್ನು ಕರೆತಂದಿರಲಿಲ್ಲ.

"ಅತ್ತಿಗೆಗೆ ಹುಷಾರಿಲ್ವಾ?"

"ಹುಷಾರಾಗಿದ್ದಾಳೆ," ಅಂದ ಅಣ್ಣ. ಅಷ್ಟೇ.

ಖಾಲಿ ಕುರ್ಚಿಗಳ ಮುಂದೆ ದೆಯೊಲಿಂದಾ ಜಪಮಾಲೆ ಮುಗಿಸಿದಳು, ದನಿ ಒಂದಿಷ್ಟೂ ತಗ್ಗಿಸದೆ. ಆಮೇಲೆ ಪಾತ್ರೆಯಲ್ಲಿ ಉಳಿದದ್ದನ್ನು ನೋಡುತ್ತ ನಿಂತಳು. "ಇದು ನಮ್ಮ ದುಡ್ಡಿನ ಹಸುವೇ. ಆದರೂ ಯಾರೂ ತಿನ್ನಲಿಲ್ಲ," ಅಂದಳು.

ಪಾತ್ರೆ ಉಜ್ಜುತ್ತ ನಿಂತಿದ್ದಾಗ ಸೆಲೀನಾ ಪಕ್ಕಕ್ಕೆ ಬಂದಳು. "ಅಮ್ಮಾ, ಒಂದು ಮಾತು. ಆ ನಾಲ್ಕು ಅಂಗಡೀಲೂ ಅದೇ ಪ್ರತಿ ಇದೆ ತಾನೇ? ಅಂದ್ರೆ ಅದೇ ಕಳ್ಳ ಅಲ್ಲೂ ಕೂತಿದಾನೆ. ಅವರ ಗಿರಾಕಿಗಳದೂ ಈಗ, ಈ ಹೊತ್ತಿನಲ್ಲಿ ಹೋಗ್ತಿದೆ."

ನತೇರ್ಸಿಯಾಳ ಕೈ ನೀರಿನಲ್ಲೇ ನಿಂತಿತು. ಇಷ್ಟು ದಿನ ಆ ನಾಲ್ಕು ಹೆಸರುಗಳನ್ನು ವಕೀಲರಿಗೆ ಹೇಳುವುದೋ ಬಿಡುವುದೋ ಅಂತ ಜಗಳ ಆಡಿದ್ದೇ ಆಯಿತು. ಅವರಿಗೇ ಹೇಳಬೇಕು ಅಂತ ಯಾರಿಗೂ ಹೊಳೆದಿರಲಿಲ್ಲ. ಒದ್ದೆ ಕೈಯಲ್ಲೇ ಹೋಗಿ ಗಂಡನ ಮುಂದೆ ನಿಂತಳು.

"ವಕೀಲರಿಗೆ ಹೇಳಬೇಡ, ಆಯ್ತು. ಮೆಷಿನ್ ಮಾರೋಣ. ಆದರೆ ಆ ನಾಲ್ಕು ಮನೆಗೂ ನೀನೇ ಹೋಗಿ ಹೇಳಬೇಕು. ಆ ಕಂಪ್ಯೂಟರ್ ಆರಿಸಿ ಅಂತ."

"ನಾನು ಕೊಟ್ಟಿದ್ದು ವಿಷ ಅಂತ ಹೇಳಲಾ?"

"ಹೂಂ. ಹಂಗೇ ಹೇಳು."

ಅವನಿಗೆ ಅದಕ್ಕೆ ಧೈರ್ಯ ಬರಲು ಮತ್ತೂ ಕೆಲವು ದಿನ ಹಿಡಿಯಿತು. ಕಿರೀಟ ಮುಂದಿನ ಮನೆಗೆ ಹೋಯಿತು. ಎರಡು ಮೆಷಿನ್ನುಗಳನ್ನು ವೂಸ್ಟರ್‌ನವನೊಬ್ಬ ಲಾರಿಯಲ್ಲಿ ಹೇರಿಕೊಂಡು ಹೋದ. ಅವು ನಿಂತಿದ್ದ ಜಾಗದಲ್ಲಿ ನೆಲದ ಬಣ್ಣ ಬೇರೆಯಿತ್ತು. ಕೊನೆಗೆ ಹಬ್ಬದ ಹಿಂದಿನ ಶನಿವಾರ ಎರ್ಮಾನೊ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದು, "ನಡಿ," ಅಂದ.

ಮೊದಲ ಅಂಗಡಿಯ ಯಜಮಾನ ಬಾಗಿಲಲ್ಲೇ ನಿಲ್ಲಿಸಿ ಕೇಳಿ ಒಳಗೆ ಹೋದ. ಅವನು ಕಂಪ್ಯೂಟರಿನ ವಯರು ಕಿತ್ತ ಸದ್ದು ಹೊರಗೆ ಕೇಳಿಸಿತು. ಎರಡನೆಯವನು ಬಾಯಿಗೆ ಬಂದ ಹಾಗೆ ಬಯ್ದ, ಬಯ್ದ ಮೇಲೆ ಕಾಫಿ ಕೊಟ್ಟ. ಮೂರನೆಯ ಅಂಗಡಿಯ ಮುದುಕಿ ಆ ಪೆನ್ ಡ್ರೈವನ್ನು ಬ್ರೆಡ್ ಸುತ್ತಿದ್ದ ಕಾಗದದ ಸಮೇತ ತೆಗೆದಿಟ್ಟಿದ್ದಳು. "ಇದು ಏನಂತ ನಂಗೊತ್ತೇ ಆಗಲಿಲ್ಲ ಮಗಾ, ಕಿರೀಟ ಕೈಯಲ್ಲೇ ಹೊಲಿದೆ. ಯಾವುದೋ ಸಂತನ ಪದಕ ಇರಬೇಕು ಅಂದ್ಕೊಂಡೆ," ಅಂದಾಗ ನತೇರ್ಸಿಯಾಗೆ ಇಷ್ಟು ವಾರದಲ್ಲಿ ಮೊದಲ ಸಲ ನಗು ಬಂತು, ನಗುತ್ತ ನಗುತ್ತ ಅಳುವೂ ಬಂತು.

ಕೊನೆಗೆ ದೆಲ್ಫೀನಾಳ ಅಂಗಡಿ. ಹಬ್ಬದ ಮೇಲಂಗಿಗಳು ಗೋಡೆಯುದ್ದಕ್ಕೂ ತೂಗಾಡುತ್ತಿದ್ದವು. ಹಿಂದೆ ಮೆಷಿನ್ನುಗಳು ಓಡುತ್ತಿದ್ದವು. ದೆಲ್ಫೀನಾ ಇವರನ್ನು ನೋಡಿದ್ದೇ ಅಳತೆಯ ಟೇಪನ್ನು ಕೊರಳಿನಿಂದ ತೆಗೆದು ಬೆರಳಿಗೆ ಸುತ್ತತೊಡಗಿದಳು.

"ಕಂಪಾದ್ರೆ, ಕೂತ್ಕೊಳ್ಳಿ." ಮಗನ ಜ್ಞಾನ ತಂದೆಯನ್ನು ಅವಳು ಕರೆಯುವುದೇ ಹಾಗೆ, ಹೆಸರು ಹಿಡಿದಲ್ಲ.

"ಕೂರೋಕೆ ಬಂದಿಲ್ಲ ದೆಲ್ಫೀನಾ. ನಾನು ಕೊಟ್ಟ ಆ ಸಾಫ್ಟ್‌ವೇರ್ ಇದೆಯಲ್ಲ..."

"ಗೊತ್ತು."

"ನಿನಗೇನು ಗೊತ್ತು? ಅದು ನಕಲಿ ಮಾತ್ರ ಅಲ್ಲ, ಅದರೊಳಗೆ ಕಳ್ಳ..."

"ನಕಲಿ ಅಂತ ಗೊತ್ತು ಕಂಪಾದ್ರೆ. ನನಗೂ ಫೋನ್ ಬಂದಿತ್ತು. ಫೆಬ್ರವರಿಯಲ್ಲೇ."

ನತೇರ್ಸಿಯಾ ಗಂಡನ ಮುಖ ನೋಡಿದಳು. ಅವನಿಗೆ ಇನ್ನೂ ಹೊಳೆದಿರಲಿಲ್ಲ. ಫೆಬ್ರವರಿಯಲ್ಲೇ ಯಾಕೆ ನಮಗೆ ಹೇಳಲಿಲ್ಲ ಅಂತ ಕೇಳಲು ಬಾಯಿ ತೆರೆದವನು, ತೆರೆದ ಬಾಯಿಯಲ್ಲೇ ನಿಂತ.

"ಒಂದು ಹೆಸರು ಹೇಳು, ಇಲ್ಲಾಂದ್ರೆ ಪೂರ್ತಿ ಕಟ್ಟು ಅಂದ್ರು," ಅಂದಳು ದೆಲ್ಫೀನಾ. ಟೇಪು ಬೆರಳಿಗೆ ಬಿಗಿಯಾಗಿ ಬೆರಳ ತುದಿ ಬೆಳ್ಳಗಾಗಿತ್ತು. "ಮನೆ ಮೇಲೆ ಸಾಲ ಇದೆ. ಹುಡುಗನ ಕಾಲೇಜು ಇದೆ. ಯಾರು ಕೊಟ್ರು ಅಂತ ಕೇಳಿದ್ರು. ಹೇಳಿದೆ. ಅರ್ಧಕ್ಕೆ ಬಿಟ್ರು."

ನತೇರ್ಸಿಯಾಳ ನಾಲಿಗೆಯ ತುದಿಗೆ ಎಷ್ಟೋ ಮಾತು ಬಂತು. ಒಂದನ್ನೂ ಆಡುವಂತಿರಲಿಲ್ಲ. ನಾನಾಗಿದ್ದರೆ ಈ ಕ್ಷಣಾನೇ ಹೇಳುತ್ತಿದ್ದೆ ಅಂತ ಕಾರಿನಲ್ಲಿ ಕೂತು ಕೂಗಿದವಳು ಅವಳೇ.

"ಬಯ್ಯಿರಿ ಕಂಪಾದ್ರೆ. ಸುಮ್ನೆ ನಿಲ್ಲಬೇಡಿ," ಅಂದಳು ದೆಲ್ಫೀನಾ.

ಎರ್ಮಾನೊ ಕೇಳಿದ್ದು ಬೇರೆಯೇ. "ಆ ಕಂಪ್ಯೂಟರ್ ಆರಿಸಿದೀಯಾ? ಅದರಲ್ಲಿರೋದನ್ನೆಲ್ಲ ಆ ಸಾಫ್ಟ್‌ವೇರ್ ಕಳ್ಳರಿಗೆ ಕಳಿಸುತ್ತೆ."

"ಹೊಸದು ತಗೊಂಡೆ, ಅಸಲಿ ಸಾಫ್ಟ್‌ವೇರ್ ಹಾಕಿಸಿ. ನೋಡಿ ಬೇಕಾದ್ರೆ."

"ಹಳೇದು?"

"ಚೆನ್ನಾಗೇ ಇತ್ತು, ಎಸೆಯೋಕೆ ಮನಸ್ಸು ಬರಲಿಲ್ಲ. ಚರ್ಚ್ ಕಚೇರಿಗೆ ಕೊಟ್ಟೆ. ಅಲ್ಲಿ ಕೆಲಸ ಮಾಡೋ ಒಟಿಲಿಯಾ ಕೇಳ್ತಾ ಇದ್ಲು. ಹಳೇ ಜ್ಞಾನಸ್ನಾನದ ದಾಖಲೆಗಳನ್ನೆಲ್ಲ ಕಂಪ್ಯೂಟರಿಗೆ ಹಾಕ್ತಿದಾರಂತಲ್ಲ, ಅದಕ್ಕೆ..."

ಹೇಳುತ್ತ ಹೇಳುತ್ತಲೇ ದೆಲ್ಫೀನಾಗೆ ಅರ್ಥವಾಯಿತು. ಟೇಪು ಕೈಯಿಂದ ಬಿತ್ತು. "ಸಾಫ್ಟ್‌ವೇರ್ ಅಳಿಸಿಲ್ಲ," ಅಂದಳು. "ಅಳಿಸಬೇಕು ಅಂತ ನಂಗೆ... ಕಂಪಾದ್ರೆ, ಅಳಿಸಿಲ್ಲ."

ಚರ್ಚಿನಲ್ಲಿ ಜ್ಞಾನಸ್ನಾನ ಪಡೆದವರು ಅಂದರೆ ಊರಿನ ಅರ್ಧ. ಮಗು, ತಾಯಿ, ತಂದೆ, ನಾಲ್ವರು ಅಜ್ಜ ಅಜ್ಜಿಯರು, ಎಲ್ಲರೂ ಒಂದೇ ಸಾಲಿನಲ್ಲಿ. ನೂರು ವರ್ಷದ್ದು.

ಎರ್ಮಾನೊ ಆಗಲೇ ಬಾಗಿಲು ದಾಟಿದ್ದ. ನತೇರ್ಸಿಯಾ ಹಿಂದೆ ಓಡಿದಳು. ಕಾರು ತೆಗೆಯುವಂತಿರಲಿಲ್ಲ, ನಾಳೆಯ ಮೆರವಣಿಗೆಗೆ ಬೀದಿಗೆ ಅಡ್ಡ ಹಗ್ಗ ಕಟ್ಟಿದ್ದರು. ಗಂಡಸರು ಕಂಬ ಹತ್ತಿ ದೀಪದ ಸರ ಬಿಗಿಯುತ್ತಿದ್ದರು. ಕ್ಲಬ್ಬಿನ ಅಡುಗೆಮನೆಯ ಕಿಟಕಿಯಿಂದ ಮಾಂಸ ಬೇಯುವ ಹಬೆ ಬರುತ್ತಿತ್ತು. "ಏ ಎರ್ಮಾನೊ, ಇಸ್ತ್ರಿ ಅಂಗಿ ಇವತ್ತೇ ಹಾಕ್ಕೊಂಡ್ಯಾ?" ಅಂತ ಯಾರೋ ಮೇಲಿನಿಂದ ಕೂಗಿದರು. ಐವತ್ತೆಂಟರ ಗಂಡಸು ಗುಡ್ಡದ ಬೀದಿಯನ್ನು ಎದುರೇರಿ ಓಡುತ್ತಿದ್ದರೆ ಕಂಬದ ಮೇಲಿನವರು ದೀಪದ ಸರ ಬಿಟ್ಟು ತಿರುಗಿ ನೋಡಿದರು.

ಚರ್ಚ್ ಕಚೇರಿಯ ಬಾಗಿಲು ತೆರೆದೇ ಇತ್ತು. ಒಟಿಲಿಯಾ ಕನ್ನಡಕ ಮೂಗಿನ ತುದಿಗಿಳಿಸಿ, ಎಡಗೈಯಲ್ಲಿ ಹಳೆಯ ದಪ್ಪ ಪುಸ್ತಕದ ಸಾಲು ಹಿಡಿದು, ಬಲಗೈಯ ಒಂದೇ ಬೆರಳಿನಲ್ಲಿ ಟೈಪ್ ಮಾಡುತ್ತಿದ್ದಳು. ಅವಳ ಹಿಂದೆ ಹಬ್ಬದ ಬ್ರೆಡ್ ಎಣಿಸಲು ಬಂದ ಏಳೆಂಟು ಹೆಂಗಸರು, ಅವರಲ್ಲಿ ಜಸೀಂತಾಳ ಅತ್ತೆಯೂ ಇದ್ದಳು.

"ಒಟಿಲಿಯಾ, ಆ ಕಂಪ್ಯೂಟರ್ ಆರಿಸು."

"ಈಗಾ? ಐವತ್ತಮೂರನೇ ಇಸವಿ ಮುಗೀಲಿ ತಡಿ, ಇನ್ನೊಂದು ಪುಟ."

"ಆರಿಸು ಅಂದ್ನಲ್ಲ!"

ಹೆಂಗಸರು ಬ್ರೆಡ್ ಎಣಿಸುವುದನ್ನು ಬಿಟ್ಟು ತಿರುಗಿದರು. ಒಟಿಲಿಯಾ ಬೆರಳು ಎತ್ತಿ, ಅವನ ಬೆವರಿದ ಮುಖವನ್ನೂ ಹಿಂದೆ ಏದುಸಿರು ಬಿಡುತ್ತ ನಿಂತ ನತೇರ್ಸಿಯಾಳನ್ನೂ ನೋಡಿದಳು. "ಯಾಕೆ? ಇದು ದೆಲ್ಫೀನಾ ಕೊಟ್ಟಿದ್ದು. ಒಳ್ಳೇ ಕಂಪ್ಯೂಟರ್. ಅವಳೇನಾದ್ರೂ ವಾಪಸ್ ಕೇಳಿದ್ಲಾ?"

ನತೇರ್ಸಿಯಾ ಗಂಡನ ಬೆನ್ನು ನೋಡುತ್ತ ನಿಂತಳು. ಇಸ್ತ್ರಿ ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು. ಒಂದು ಹೆಸರು ಹೇಳಿದ್ದರೆ ಸಾಕಿತ್ತು, ಈ ಏಳೆಂಟು ಹೆಂಗಸರು ಸಂಜೆಯೊಳಗೆ ಅದನ್ನು ಊರಿಗೆಲ್ಲ ಮುಟ್ಟಿಸುತ್ತಿದ್ದರು. ಅವನೇನಾದರೂ ಈಗ ಹೇಳಿದ್ದರೆ ಅವಳು ತಡೆಯುತ್ತಿದ್ದಳೋ ಇಲ್ಲವೋ, ಅವಳಿಗೇ ತಿಳಿಯದು.

"ದೆಲ್ಫೀನಾದಲ್ಲ," ಅಂದ ಎರ್ಮಾನೊ. "ಅದರೊಳಗಿರೋದು ನನ್ನದು. ನಾನು ಕೊಟ್ಟಿದ್ದು. ಜಸೀಂತಾ ಮನೆ ದುಡ್ಡು ಹೋಗಿದ್ದೂ ಅದರಿಂದಾನೇ. ಎಲ್ಲಾ ಹೇಳ್ತೀನಿ, ಇವರೆಲ್ಲರ ಮುಂದೇನೇ ಹೇಳ್ತೀನಿ. ಮೊದಲು ಆರಿಸು."

ಒಟಿಲಿಯಾಳ ಕೈ ಮೇಲೇಳಲಿಲ್ಲ. ಜಸೀಂತಾಳ ಅತ್ತೆ ಬ್ರೆಡ್ಡಿನ ಬುಟ್ಟಿಯನ್ನು ಕೆಳಗಿಟ್ಟು, ಯಾರ ಮುಖವನ್ನೂ ನೋಡದೆ ಮೇಜಿನ ಹಿಂದಕ್ಕೆ ಹೋದಳು. ಬಗ್ಗಿ, ಗೋಡೆಯಿಂದ ವಯರು ಕಿತ್ತಳು. ಪರದೆಯ ಮೇಲೆ ಅರ್ಧ ಬರೆದ ಒಂದು ಮಗುವಿನ ಹೆಸರು ಕಪ್ಪಾಯಿತು.

ಆಮೇಲೆ ಅವಳು ಕುರ್ಚಿಯೊಂದನ್ನು ಎಳೆದು ಎರ್ಮಾನೊನ ಮುಂದೆ ಹಾಕಿದಳು.

"ಕೂತ್ಕೊಂಡು ಹೇಳು," ಅಂದಳು.